ಡಾರ್ಕಸ್ ಪಿಲಿಂಗ್ ಎಂಬ ಹೆಸರು

"ನಿನ್ನ ಹೆಸರಿನಲ್ಲಿ ಎಂದೂ ಸುಳ್ಳು ಪ್ರಮಾಣ ಮಾಡುವುದಿಲ್ಲ."

ಲಿವರ್‌ಪೂಲಿನ ಒಂದು ನೆಲಮಾಳಿಗೆಯಲ್ಲಿ, ಜ್ವರದಿಂದ ಸಾಯುತ್ತಿದ್ದ ಗೆಳತಿಯ ಕೈ ಹಿಡಿದು ಒಬ್ಬ ಹೆಂಗಸು ಹೀಗೆ ಮಾತು ಕೊಟ್ಟಿದ್ದಳು. ಅದಾಗಿ ಹನ್ನೆರಡು ವರ್ಷವಾಗಿತ್ತು. ಆ ಹೊತ್ತು ಅಲ್ಲಿದ್ದದ್ದು ಅವರಿಬ್ಬರು, ಮಡಿಲಲ್ಲಿ ನಿದ್ದೆ ಹೋಗಿದ್ದ ಒಂದು ಕೂಸು, ಅಷ್ಟೆ.

ಏಮಸ್ ಕ್ಲೆಗ್‌ಗೆ ಈ ಸಂಗತಿ ಇನ್ನೂ ತಿಳಿದಿರಲಿಲ್ಲ. ಅವನು ಆಗ ಹಾರೋಬೆಕ್ ಪಟ್ಟಣದ 'ಕರಿ ಟಗರು' ಹೆಂಡದಂಗಡಿಯ ಅಟ್ಟದ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದ.

ಚಿಲಕ ಕಿತ್ತು ಬಂತು. ಒಳಗಿನಿಂದ ಬಿಯರಿನ ವಾಸನೆ ಮುಖಕ್ಕೆ ಹೊಡೆಯಿತು. ನೆಲದ ತುಂಬ ಗಂಡಸರು ಬಿದ್ದುಕೊಂಡಿದ್ದರು. ನಡುವೆ ಒಂದು ಪೀಪಾಯಿ.

"ಓಹೋ, ಸಾರ್ಜೆಂಟ್ರು! ಬನ್ನಿ ಬನ್ನಿ, ಕುಡೀರಿ. ಎಲ್ಲಾ ನೀಲಿಯವ್ರ ಖರ್ಚು," ಎಂದ ಒಬ್ಬ, ತಲೆಯನ್ನೂ ಎತ್ತದೆ.

ಕ್ಲೆಗ್ ಪೊಲೀಸು ನೌಕರಿ ಬಿಟ್ಟು ವರ್ಷಗಳಾಗಿದ್ದರೂ ಊರಿಗೆ ಅವನಿನ್ನೂ ಸಾರ್ಜೆಂಟೇ. "ಇಲ್ಲಿ ಯಾರಾದ್ರೂ ಹೆಂಗಸನ್ನ ತಂದು ಕೂಡಿ ಹಾಕಿದಾರೇನಯ್ಯ?"

"ಹೆಂಗಸಿದ್ದಿದ್ರೆ ನಾವು ಹಿಂಗೆ ಕಾಲು ಚಾಚ್ಕೊಂಡು ಬಿದ್ದಿರ್ತಿದ್ವಾ?"

"ಓಟು ಹಾಕೋಕೆ ಹೋಗಲ್ವಾ?"

"ಹೋಗ್ತೀನಿ. ಇದು ಖಾಲಿ ಆಗ್ಲಿ."

ಪೀಪಾಯಿ ಖಾಲಿಯಾಗುವುದಿಲ್ಲವೆಂಬುದು ಕ್ಲೆಗ್‌ಗೂ ಗೊತ್ತು, ಅವನಿಗೂ ಗೊತ್ತು. ಚುನಾವಣೆಯ ದಿನ ಎದುರು ಪಕ್ಷದ ಮತದಾರರನ್ನು ಹಿಡಿದು ತಂದು, ಕುಡಿಸಿ, ಮತಗಟ್ಟೆ ಮುಚ್ಚುವವರೆಗೂ ಬೀಗ ಹಾಕಿಡುವುದು ಹಾರೋಬೆಕ್‌ನ ಹಳೆಯ ಪದ್ಧತಿ. ಕೋಳಿಗೂಡು ಎಂದು ಅದಕ್ಕೆ ಹೆಸರು. ಈ ಸಲ ನೀಲಿ ಪಕ್ಷದವರು ಹಿಡಿಸಿದ್ದರು. ಹಿಂದಿನ ಸಲ ಹಳದಿ ಪಕ್ಷದವರು.

ಮೆಟ್ಟಿಲ ಕೆಳಗೆ ಮಿಸ್ ಲವೀನಿಯಾ ಥಾರ್ಲಿ ಕಾಯುತ್ತಿದ್ದಳು. ಹೆಂಗಸರಿಗೂ ಮತದ ಹಕ್ಕು ಬೇಕೆಂದು ಊರಲ್ಲಿ ಸಮಿತಿ ಕಟ್ಟಿದವಳು ಅವಳೇ. ಕ್ಲೆಗ್‌ನನ್ನು ಬೆಳಗ್ಗೆ ತಿಂಡಿಯ ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಬಂದವಳೂ ಅವಳೇ. ಗುಮಾಸ್ತನ ಕಣ್ತಪ್ಪಿನಿಂದ ಮತದಾರರ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರು ಉಳಿದುಕೊಂಡಿತ್ತು. ಓಟ್ಸ್ ಧಾನ್ಯದ ರೊಟ್ಟಿಯ ಅಂಗಡಿ ನಡೆಸುವ ವಿಧವೆ ಡಾರ್ಕಸ್ ಪಿಲಿಂಗ್. ಇಂದು ಅವಳು ಮತ ಹಾಕಬೇಕಿತ್ತು. ಬೆಳಗ್ಗೆಯಿಂದ ಅವಳೂ ಇಲ್ಲ, ಮಗಳೂ ಇಲ್ಲ.

"ಸಿಕ್ಕಿದ್ರಾ?"

"ಇಲ್ಲ ಕಣಮ್ಮ. ಇದು ಮೂರನೇ ಗೂಡು. ಬರೀ ಹುಂಜಗಳೇ."

ಮಿಸ್ ಥಾರ್ಲಿ ನಗಲಿಲ್ಲ. "ನಾಲ್ಕು ಗಂಟೆಗೆ ಮತಗಟ್ಟೆ ಮುಚ್ತಾರೆ, ಕ್ಲೆಗ್ ಅವರೇ. ಅವರು ಬರದೇ ಇದ್ರೆ ನಾಳೆ ಪತ್ರಿಕೇಲಿ ಏನು ಬರುತ್ತೆ ಗೊತ್ತಾ? 'ಹಕ್ಕು ಬೇಕು ಅಂದ್ರು, ಕೊಟ್ರೆ ಓಡಿಹೋದ್ರು.' ಇನ್ನು ಹತ್ತು ವರ್ಷ ನಮ್ಮ ಮಾತು ಯಾರೂ ಕಿವಿಗೆ ಹಾಕ್ಕೊಳಲ್ಲ."

"ಪಟ್ಟಿಯಲ್ಲಿ ಹೆಸರಿದ್ರೂ ಹೆಂಗಸು ಅಂತ ವಾಪಸ್ ಕಳಿಸಿಬಿಟ್ರೆ?"

"ಕಳಿಸೋ ಹಾಗಿಲ್ಲ. ಮತಗಟ್ಟೆಯಲ್ಲಿ ಕೇಳಬಹುದಾದ್ದು ಎರಡೇ ಪ್ರಶ್ನೆ. ಪಟ್ಟಿಯಲ್ಲಿರೋ ವ್ಯಕ್ತಿ ನೀವೇನಾ? ಆಗಲೇ ಒಂದ್ಸಲ ಓಟು ಹಾಕಿದೀರಾ? ಹೆಂಗಸಾ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ."

"ಕೇಳೋ ಅಗತ್ಯಾನೂ ಇರಲ್ಲ ಬಿಡಿ," ಎಂದ ಕ್ಲೆಗ್, ಅವಳ ಅಗಲವಾದ ಲಂಗವನ್ನು ನೋಡಿ. ಹೆಂಗಸರ ಮತ ಎಂಬುದೇ ಅವನಿಗೆ ಅಷ್ಟಾಗಿ ಒಗ್ಗದ ವಿಷಯ. ಆದರೆ ಕಾಣೆಯಾದವರನ್ನು ಹುಡುಕುವುದು ಒಗ್ಗಿದ ವಿಷಯ.

"ಅಂಗಡಿ ಇನ್ನೊಂದ್ಸಲ ನೋಡೋಣ," ಎಂದ.

ಅಂಗಡಿಯ ಬಾಗಿಲು ತೆರೆದೇ ಇತ್ತು. ಬೆಳಗ್ಗೆ ಬಂದಾಗ ಕ್ಲೆಗ್ ನೋಡಿದ್ದು ಒಡೆದ ಬೀಗ ಇದೆಯೇ, ಉರುಳಿದ ಕುರ್ಚಿ ಇದೆಯೇ ಎಂದು. ಈಗ ಅವನು ನೋಡಿದ್ದು ಒಲೆಯನ್ನು.

ಕೆಂಡದ ಮೇಲೆ ಒದ್ದೆ ಕಲ್ಲಿದ್ದಲ ಪುಡಿಯನ್ನು ಅಂಗೈಯಿಂದ ತಟ್ಟಿ ಕೂರಿಸಿದ್ದರು. ಹಾಗೆ ಮುಚ್ಚಿದ ಬೆಂಕಿ ಒಂದಿಡೀ ದಿನ ಆರುವುದಿಲ್ಲ. ಕಾವಲಿಯನ್ನು ಉಜ್ಜಿ ಗೋಡೆಗೆ ಒರಗಿಸಿತ್ತು. ಹಿಟ್ಟು ಹುದುಗಿಸುವ ಮರದ ತೊಟ್ಟಿಯನ್ನು ತೊಳೆದು ಬೋರಲು ಹಾಕಿತ್ತು.

ಕ್ಲೆಗ್ ಆ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತ.

ಓಟ್ಸ್ ರೊಟ್ಟಿ ಮಾಡುವವರು ತೊಟ್ಟಿಯನ್ನು ಎಂದೂ ಪೂರ್ತಿ ತೊಳೆಯುವುದಿಲ್ಲ. ತಳದಲ್ಲಿ ಒಂದಿಷ್ಟು ಹುಳಿ ಹಿಟ್ಟು ಉಳಿಸಿ ಅದರ ಮೇಲೆಯೇ ಮರುದಿನದ ಹಿಟ್ಟು ಕಲೆಸುತ್ತಾರೆ. ಕೆಲವು ಮನೆಗಳಲ್ಲಿ ಆ ಹುಳಿ ಅಜ್ಜಿಯ ಕಾಲದಿಂದ ಬಂದದ್ದು.

ಅವನು ಪಕ್ಕದ ಮನೆಯ ಬಾಗಿಲು ತಟ್ಟಿದ. "ಪಿಲಿಂಗ್ ಮನೆ ಹುಳಿ ನಿಮ್ಮ ಹತ್ರ ಇದೆಯಾ?"

ಪಕ್ಕದ ಮನೆಯವಳು ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ಇದೆ. ನಿನ್ನೆ ಸಾಯಂಕಾಲ ಕೊಟ್ಲು. ಎರಡು ದಿನ ಸಾಕ್ಕೋ ಅಂದ್ಲು, ಬೆಕ್ಕಿನ ಮರಿ ಕೊಟ್ಟ ಹಾಗೆ. ಯಾಕ್ ಸಾರ್ಜೆಂಟ್ರೇ, ಅದಕ್ಕೂ ಓಟಿದೆಯಾ?"

ಕ್ಲೆಗ್ ಬೀದಿಗೆ ಇಳಿದು ಮಿಸ್ ಥಾರ್ಲಿಗೆ ಹೇಳಿದ: "ಅವರನ್ನ ಯಾರೂ ಹೊತ್ಕೊಂಡು ಹೋಗಿಲ್ಲ. ತಾವಾಗೇ ಹೋಗಿದಾರೆ. ವಾಪಸ್ ಬರೋ ಲೆಕ್ಕ ಹಾಕ್ಕೊಂಡೇ ಹೋಗಿದಾರೆ."

ಮಿಸ್ ಥಾರ್ಲಿಯ ಮುಖ ಬಿಳುಚಿತು. "ಹೆದರಿದ್ರಾ?"

"ಯಾವುದಕ್ಕೆ ಹೆದರಿದ್ರು ಅನ್ನೋದು ಗೊತ್ತಾಗ್ಬೇಕು. ನೀವು ಚೌಕದಲ್ಲಿರಿ. ನಾನು ಒಬ್ನೇ ಹುಡುಕ್ತೀನಿ."

ಎರಡೂ ಪಕ್ಷದ ಆಳುಗಳು ಮನೆಮನೆ ಬಾಗಿಲು ಬಡಿದು ಮತದಾರರನ್ನು ಎಳೆದೊಯ್ಯುವ ದಿನ. ಇಂಥ ದಿನ ಯಾವ ಬಾಗಿಲನ್ನು ಯಾರೂ ಬಡಿಯುವುದಿಲ್ಲ? ಹೀಗೆ ಯೋಚಿಸುತ್ತಲೇ ಅವನು ಪ್ರಾರ್ಥನಾ ಮಂದಿರದ ಓಣಿಗೆ ತಿರುಗಿದ. ತಿರುಗಿದವನು ನಿಂತ.

ಒಂದು ಮನೆಯ ಬಾಗಿಲು ತಟ್ಟುವ ಕಬ್ಬಿಣದ ಬಳೆಗೆ ಬಿಳಿಯ ಕೈಗವಸು ಸುತ್ತಿ ಕಟ್ಟಿತ್ತು. ಒಳಗೆ ಬಾಣಂತಿ ಇದ್ದಾಳೆ, ಸದ್ದು ಮಾಡಬೇಡಿ ಎಂದು ಅದರ ಅರ್ಥ. ಎಷ್ಟೇ ಕುಡಿದವನೂ ಅಂಥ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತಾನೆ.

ಮನೆ ಮಿಸ್ ಟ್ಯಾಬಿತಾ ಹ್ಯಾಸ್ಲಮ್‌ದು. ಭಾನುವಾರದ ಶಾಲೆಯ ಮೇಡಮ್ಮು. ಅರ್ಧ ಊರಿಗೆ ಅಕ್ಷರ ಕಲಿಸಿದವಳು. ಮದುವೆಯಾದವಳಲ್ಲ.

ಕ್ಲೆಗ್ ಕಿಟಕಿಯ ಗಾಜನ್ನು ಉಗುರಿನಿಂದ ತಟ್ಟಿದ. ಬಾಗಿಲು ಬೆರಳಗಲ ತೆರೆಯಿತು.

"ಬಾಣಂತಿ ಇದಾಳೆ. ಗಂಡಸರು ಬರೋ ಹಾಗಿಲ್ಲ."

"ಯಾರು ಮೇಡಮ್ಮೋರೇ ಬಾಣಂತಿ? ಮನೇಲಿರೋದು ನೀವೊಬ್ರೇ. ನಿಮಗೆ ಎಪ್ಪತ್ತು ದಾಟ್ತು. ಗಂಡೋ ಹೆಣ್ಣೋ ಕೇಳ್ಕೊಂಡು ಹೋಗೋಣ ಅಂತ ಬಂದೆ."

"ಏಮಸ್ ಕ್ಲೆಗ್, ನೀನು ಚಿಕ್ಕವನಿದ್ದಾಗ ಇನ್ನೂ ನಾಲ್ಕು ಏಟು ಹಾಕಬೇಕಿತ್ತು ನಾನು."

"ಹಾಕಿದ್ರಲ್ಲ."

"ಸಾಲಲಿಲ್ಲ. ಬೆಳಗ್ಗೆಯಿಂದ ನೀಲಿಯವರು, ಹಳದಿಯವರು ಎಲ್ಲಾ ಈ ಬಾಗಿಲ ಮುಂದೇನೇ ಹೋದ್ರು. ಒಬ್ಬನಿಗೂ ಅನುಮಾನ ಬರಲಿಲ್ಲ."

"ಅವರು ಕುಡಿದಿದಾರೆ ಮೇಡಮ್ಮೋರೇ. ನನಗೆ ಬೆಳಗಿನ ಚಹಾನೂ ಆಗಿಲ್ಲ."

ಬಾಗಿಲು ತೆರೆಯಿತು.

ಡಾರ್ಕಸ್ ಪಿಲಿಂಗ್ ಅಡುಗೆಮನೆಯ ಬೆಂಚಿನ ಮೇಲೆ ಟೋಪಿ, ಶಾಲು ತೆಗೆಯದೆ ಕುಳಿತಿದ್ದಳು. ಪಕ್ಕದಲ್ಲಿ ಮಗಳು ಫೀಬಿ. ಹನ್ನೆರಡು ದಾಟಿದ, ತಾಯಿಯಷ್ಟೇ ಎತ್ತರ ಬೆಳೆದ ಹುಡುಗಿ. ಇಬ್ಬರೂ ರೈಲಿಗೆ ಕಾಯುವವರಂತೆ ಕಂಡರು.

"ಮಿಸ್ ಥಾರ್ಲಿ ಕಳಿಸಿದ್ರಾ?" ಎಂದಳು ಡಾರ್ಕಸ್.

"ಹೌದಮ್ಮ. ಯಾರು ಹೆದರಿಸಿದ್ರು ನಿಮ್ಮನ್ನ?"

"ಯಾರೂ ಹೆದರಿಸಲಿಲ್ಲ. ಶನಿವಾರ ವಕೀಲ ನಟ್ಟಲ್ ಬಂದಿದ್ರು. ಆರು ರೊಟ್ಟಿ ತಗೊಂಡ್ರು. ದುಡ್ಡು ಕೊಟ್ರು. ಟೋಪಿ ಎತ್ತಿ, 'ಬರ್ತೀನಿ, ಎಸ್ತರ್' ಅಂದು ಹೋದ್ರು."

ನಟ್ಟಲ್ ನೀಲಿ ಪಕ್ಷದ ಏಜೆಂಟು. ಊರಲ್ಲಿ ಅವನು ಸುಮ್ಮನೆ ಟೋಪಿ ಎತ್ತಿದ್ದನ್ನು ಕಂಡವರಿಲ್ಲ.

"ಎಸ್ತರ್ ಯಾರು?"

"ನಾನು."

ಟ್ಯಾಬಿತಾ ಒಲೆಯ ಕಡೆ ತಿರುಗಿ ಕೆಟಲನ್ನು ಸರಿಸಿದಳು. ಅವಳಿಗೆ ಇದು ಹೊಸ ಸುದ್ದಿಯಲ್ಲ ಎಂಬುದು ಬೆನ್ನಿನಿಂದಲೇ ತಿಳಿಯುತ್ತಿತ್ತು.

"ಎಸ್ತರ್ ಗಾರ್ಸೈಡ್," ಎಂದಳು ಡಾರ್ಕಸ್. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದವಳಂತೆ ನಿಧಾನವಾಗಿ ಹೇಳಿದಳು. "ನನ್ನ ಗಂಡ ಬದುಕಿದಾರೆ. ಹಲ್ ಬಂದರಿನಲ್ಲಿ ಹಗ್ಗ ಹೊಸೆಯೋ ಕೆಲಸ. ಲ್ಯೂಕ್ ಅಂತ. ಈ ಎಡಗಿವಿ ನನಗೆ ಕೇಳಿಸಲ್ಲ, ಅದು ಅವರ ಕೊಡುಗೆ. ಫೀಬಿ ಮೇಲೆ ಕೈ ಎತ್ತಿದ ದಿನ ಎತ್ಕೊಂಡು ಓಡಿದೆ. ಲಿವರ್‌ಪೂಲಲ್ಲಿ ಒಂದೇ ಕೋಣೇಲಿ ನಾವು ಇಬ್ಬರು ಹೆಂಗಸರು. ಅವಳು ವಿಧವೆ, ಹಿಂದೆ ಮುಂದೆ ಯಾರೂ ಇರ್ಲಿಲ್ಲ. ಅವಳೇ ಡಾರ್ಕಸ್ ಪಿಲಿಂಗ್."

"ತೀರಿಕೊಂಡ್ರಾ?"

"ಜ್ವರ. ಸಾಯೋ ಮುಂಚೆ ಅಂದ್ಲು, 'ನನ್ನ ಹೆಸರು ತಗೋ, ನನಗಿನ್ನು ಬೇಡ. ನೀನು ವಿಧವೆ ಅಂದ್ರೆ ಯಾರೂ ನಿನ್ನ ಹಿಂದೆ ಬರಲ್ಲ. ಆದರೆ ಬಡ ಹೆಸರು ಕಣೇ ಅದು, ಅದರ ಹತ್ರ ಬೇರೇನೂ ಇಲ್ಲ. ಒಂದು ಸುಳ್ಳು ಆಣೆಯನ್ನೂ ಅದು ಕಂಡಿಲ್ಲ.' ನಾನು ಮಾತು ಕೊಟ್ಟೆ."

ಫೀಬಿ ಶಾಲಿನ ಅಂಚನ್ನು ತಿರುಚುತ್ತಿದ್ದಳು. ಅವಳಿಗೆ ತಾಯಿ ಹಿಂದಿನ ದಿನವಷ್ಟೇ ಎಲ್ಲವನ್ನೂ ಹೇಳಿದ್ದಳು.

ಕ್ಲೆಗ್ ಕುರ್ಚಿ ಎಳೆದು ಕುಳಿತ. ವಿಷಯ ಅವನಿಗೆ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಗಂಡ ಬದುಕಿರುವ ಹೆಂಗಸು ಕಾನೂನಿನ ಕಣ್ಣಿಗೆ ಪ್ರತ್ಯೇಕ ವ್ಯಕ್ತಿಯೇ ಅಲ್ಲ. ಅವಳ ಅಂಗಡಿ ಗಂಡನದು, ಕಾವಲಿ ಗಂಡನದು, ದುಡಿದ ಕಾಸು ಗಂಡನದು. ಮಗಳೂ ಗಂಡನವಳು. ಹೋದ ವರ್ಷ ಕ್ಲೆಗ್ ತನ್ನ ಮಗಳ ಮದುವೆ ಮಾಡಿದ್ದ. ವರ್ಷಗಟ್ಟಲೆ ಉಳಿಸಿ ಅವಳು ಕೊಂಡುಕೊಂಡಿದ್ದ ಹೊಲಿಗೆ ಯಂತ್ರ ಮರುದಿನ ಬೆಳಗ್ಗೆ ಅಳಿಯನದಾಗಿತ್ತು. ಅಂದು ಅವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

"ಇವತ್ತು ನಟ್ಟಲ್ ಪ್ರಮಾಣ ಮಾಡಿಸಿ ಅಂತಾನೆ," ಎಂದಳು ಡಾರ್ಕಸ್. "ಎಲ್ಲರ ಮುಂದೆ ಬೈಬಲ್ ಮುಟ್ಟಿ, ನಾನೇ ಡಾರ್ಕಸ್ ಪಿಲಿಂಗ್ ಅನ್ನಬೇಕು."

"ಅಮ್ಮಾ, ಒಂದು ಮಾತು. ಪಟ್ಟಿಯಲ್ಲಿರೋದು ರೊಟ್ಟಿ ಅಂಗಡಿ ಡಾರ್ಕಸ್ ಪಿಲಿಂಗ್. ಆ ಅಂಗಡಿಗೆ ತೆರಿಗೆ ಕಟ್ಟಿದವರು ನೀವು. ಊರಿಗೆ ಗೊತ್ತಿರೋರು ನೀವು. ನ್ಯಾಯಾಲಯದಲ್ಲಿ ಇದನ್ನ ಸುಳ್ಳು ಅಂತ ಸಾಧಿಸೋದು ಕಷ್ಟ."

"ನ್ಯಾಯಾಲಯದಲ್ಲಿ ನಡೀಬಹುದು, ಸಾರ್ಜೆಂಟ್ರೇ. ಆ ಹಾಸಿಗೆ ಪಕ್ಕದಲ್ಲಿ ನಡೆಯಲ್ಲ."

ಟ್ಯಾಬಿತಾ ಕ್ಲೆಗ್‌ನ ಕೈಗೆ ಚಹಾ ಕೊಟ್ಟಳು. ಅವನು ಕುಡಿಯದೆ ಬಟ್ಟಲನ್ನು ನೋಡುತ್ತ ಕುಳಿತ.

"ನನಗೆ ಅನ್ಸೋದು ಹೇಳ್ತೀನಿ," ಎಂದ ಕೊನೆಗೆ. "ನಟ್ಟಲ್ ಹತ್ರ ಇರೋದು ಒಂದು ಹೆಸರು, ಅಷ್ಟೇ. ಎಲ್ಲೋ ಕಿವಿಗೆ ಬಿದ್ದಿದೆ. ಸಾಕ್ಷಿ ಇದ್ದಿದ್ರೆ ರೊಟ್ಟಿ ಕೊಳ್ಳೋ ನಾಟಕ ಯಾಕೆ? ನೀವು ಬರಬಾರದು ಅಂತ ಕಲ್ಲೆಸೆದು ನೋಡಿದಾನೆ. ನೀವು ಇಲ್ಲಿ ಅಡಗಿ ಕೂತ್ರಿ. ಬೀಗಾನೂ ಬೇಡ, ಬಿಯರೂ ಬೇಡ. ಒಂದೇ ಮಾತಲ್ಲಿ ನಿಮ್ಮನ್ನ ಗೂಡಿಗೆ ಹಾಕಿದ."

"ಹೋಗದೇ ಇದ್ರೆ ಅವನಿಗೆ ಬೇಕಾದ್ದು ಆಯ್ತಲ್ಲ. ಬಿಟ್ಟುಬಿಡ್ತಾನೆ."

"ಬಿಡ್ತಾನಾ? ಮುಂದಿನ ಶನಿವಾರ ಮತ್ತೆ ರೊಟ್ಟಿಗೆ ಬರ್ತಾನೆ. ಅದರ ಮುಂದಿನ ಶನಿವಾರಾನೂ ಬರ್ತಾನೆ. ದುಡ್ಡು ಕೊಡೋದು ನಿಲ್ಲಿಸ್ತಾನೆ. ಆಮೇಲೆ ಕೇಳೋದಕ್ಕೆ ಶುರು ಮಾಡ್ತಾನೆ."

ಫೀಬಿ ತಲೆ ಎತ್ತಿದಳು. "ಅಮ್ಮಾ, ಗೊತ್ತಾದ್ರೆ ನನ್ನನ್ನೂ ಕರ್ಕೊಂಡು ಹೋಗ್ತಾರಾ?"

ಡಾರ್ಕಸ್ ಮಗಳ ಬೆರಳುಗಳನ್ನು ಶಾಲಿನ ಅಂಚಿನಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು. ಹುಡುಗಿಗೆ ಅದೇ ಉತ್ತರವಾಯಿತು.

ಡಾರ್ಕಸ್ ಎದ್ದು ಟೋಪಿಯ ದಾರ ಬಿಗಿದಳು. "ಪ್ರಶ್ನೆ ಕೇಳದೇ ಇದ್ರೆ ಆಣೆ ಬೇಡ, ಅಲ್ವಾ?"

"ಕೇಳದೇ ಇದ್ರೆ ಬೇಡ."

"ಕೇಳಿದ್ರೆ ಅಲ್ಲೇ ನೋಡ್ಕೋತೀನಿ. ಏನು ಹೇಳ್ತೀನಿ ಅಂತ ಈಗ ಕೇಳಬೇಡಿ. ನನಗೇ ಗೊತ್ತಿಲ್ಲ."

ಟ್ಯಾಬಿತಾ ತನ್ನ ಶಾಲನ್ನು ಮೊಳೆಯಿಂದ ತೆಗೆದಳು. "ನಡೀರಿ, ನಾನೂ ಬರ್ತೀನಿ. ಬಾಣಂತನ ಮುಗೀತು."

ಮಾರುಕಟ್ಟೆಯ ಚೌಕದಲ್ಲಿ ಹಲಗೆಯ ಅಟ್ಟಣೆ ಕಟ್ಟಿದ್ದರು. ಮತದಾರ ಮೆಟ್ಟಿಲು ಹತ್ತಿ, ತನ್ನ ಹೆಸರು ಹೇಳಿ, ಯಾರಿಗೆ ಮತ ಎಂದು ಊರಿಗೆಲ್ಲ ಕೇಳುವಂತೆ ಹೇಳಬೇಕು. ಬಾಡಿಗೆ ವಸೂಲಿ ಮಾಡುವ ಧಣಿ, ಕೂಲಿ ಕೊಡುವ ಮಿಲ್ಲಿನ ಯಜಮಾನ, ಸಾಲ ಕೊಡುವ ಅಂಗಡಿಯವನು, ಎಲ್ಲರೂ ಕೆಳಗೇ ನಿಂತು ಕೇಳುತ್ತಿರುತ್ತಾರೆ.

ಚೌಕದ ಈ ತುದಿಯೆಲ್ಲ ನೀಲಿ ಪಟ್ಟಿ ಕಟ್ಟಿದವರದೇ ಗುಂಪು. ಬೆಳಗ್ಗೆಯಿಂದ ಅವರು ಹಳದಿಯವರ ಟೋಪಿ ಕಿತ್ತು, ಕೊಳೆತ ಎಲೆಕೋಸು ಎಸೆದು, ಮೆಟ್ಟಿಲ ತನಕವೂ ಬಿಟ್ಟಿರಲಿಲ್ಲ. ಕ್ಲೆಗ್ ಕೋಲನ್ನು ಬಿಗಿಯಾಗಿ ಹಿಡಿದು ಮುಂದೆ ನಡೆದ.

ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು.

ಒಂದು ಎಲೆಕೋಸೂ ಬೀಳಲಿಲ್ಲ. ಒಬ್ಬ ಟೋಪಿಯನ್ನು ತೆಗೆದ. ಹೆಂಗಸೆಂದು ನಾಚಿದ್ದಾರೆ, ಎಂದುಕೊಂಡ ಕ್ಲೆಗ್. ಪರವಾಗಿಲ್ಲ, ನಮ್ಮ ಊರಿಗೂ ಸ್ವಲ್ಪ ಮರ್ಯಾದೆ ಉಳಿದಿದೆ ಎಂದೂ ಅಂದುಕೊಂಡ.

ಅಟ್ಟಣೆಯ ಬುಡದಲ್ಲಿದ್ದ ಮಿಸ್ ಥಾರ್ಲಿ ಡಾರ್ಕಸ್‌ಳ ಎರಡೂ ಕೈ ಹಿಡಿದಳು. ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತು, "ಮೆಟ್ಟಿಲು ಜಾರುತ್ತೆ, ಹುಷಾರು," ಎಂದಷ್ಟೇ ಅಂದಳು.

ಡಾರ್ಕಸ್ ಹತ್ತಿದಳು. ಚೌಕದ ಗದ್ದಲ ತಗ್ಗಿತು. ಯಾರೋ ಕೂಗಿದ: "ರೊಟ್ಟಿ ಸೀದು ಹೋಗುತ್ತೆ, ಮನೆಗೆ ಹೋಗಮ್ಮ!"

"ನಿನ್ನ ಬಾಕಿ ಕೊಟ್ಟು ಮಾತಾಡು, ಜೋಬ್," ಎಂದಳು ಅವಳು ತಿರುಗಿಯೂ ನೋಡದೆ. ನೀಲಿ, ಹಳದಿ ಎರಡೂ ಕಡೆಯವರು ನಕ್ಕರು.

"ಹೆಸರು?" ಎಂದ ಮತಗಟ್ಟೆಯ ಅಧಿಕಾರಿ.

"ಪಟ್ಟಿಯಲ್ಲಿದೆ. ಡಾರ್ಕಸ್ ಪಿಲಿಂಗ್, ರೊಟ್ಟಿ ಅಂಗಡಿ."

ಗುಮಾಸ್ತನ ಬೆರಳು ಪುಟದ ಮೇಲೆ ಇಳಿದು ನಿಂತಿತು. ಅವನು ತಲೆಯಾಡಿಸಿದ.

ವಕೀಲ ನಟ್ಟಲ್ ತನ್ನ ಕುರ್ಚಿಯಿಂದ ಎದ್ದ. ಅವಸರವಿರಲಿಲ್ಲ. "ಸ್ವಾಮಿ, ಈ ಮತದಾರರಿಂದ ಪ್ರಮಾಣ ಮಾಡಿಸಿ."

ಆಗ ಕ್ಲೆಗ್‌ನ ಕಣ್ಣು ನಟ್ಟಲ್‌ನ ಹಿಂದಕ್ಕೆ ಹೋಯಿತು. ಅಲ್ಲೊಬ್ಬ ದಪ್ಪ ಭುಜದ ಮನುಷ್ಯ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದ. ಊರಿನವನಲ್ಲ. ಅವನ ಬೆರಳ ಸಂದುಗಳಲ್ಲಿ ಕಪ್ಪು ಡಾಂಬರು ಹತ್ತಿತ್ತು. ಹಡಗಿನ ಹಗ್ಗ ಹೊಸೆಯುವವರ ಕೈಯಿಂದ ಎಷ್ಟು ತೊಳೆದರೂ ಹೋಗದ ಡಾಂಬರು.

ಕ್ಲೆಗ್‌ಗೆ ಆಗ ಹೊಳೆಯಿತು. ನೀಲಿಯವರು ದಾರಿ ಬಿಟ್ಟದ್ದು ನಾಚಿ ಅಲ್ಲ. ಅವಳು ಬರಲೆಂದೇ ಬಿಟ್ಟದ್ದು. ಶನಿವಾರ 'ಎಸ್ತರ್' ಎಂದದ್ದೂ ಹೆದರಿಸಲಲ್ಲ, ಅವಳ ಮುಖ ನೋಡಿ ಹೆಸರು ಖಚಿತ ಮಾಡಿಕೊಳ್ಳಲು. ನಟ್ಟಲ್‌ಗೆ ಬೇಕಾದ್ದು ಅವಳ ಗೈರುಹಾಜರಿಯಲ್ಲ, ಅವಳ ಪ್ರಮಾಣ. ಮೊದಲ ಮತ ಹಾಕಿದ ಹೆಂಗಸು ಗಂಡನನ್ನು ಬಿಟ್ಟು ಓಡಿಬಂದವಳು, ಬೈಬಲ್ ಮುಟ್ಟಿ ಸುಳ್ಳಾಡಿದವಳು, ಜೈಲಿಗೆ ಹೋದವಳು. ಇಡೀ ದೇಶದ ಪತ್ರಿಕೆಗಳಿಗೆ ಅದು ಸಾಕು. ಅಡಗಿ ಕುಳಿತವಳನ್ನು ಹುಡುಕಿ, ಸಮಾಧಾನ ಹೇಳಿ, ಕೈ ಹಿಡಿದು ಇಲ್ಲಿಗೆ ತಂದು ನಿಲ್ಲಿಸಿದವನು ಏಮಸ್ ಕ್ಲೆಗ್.

"ಅಮ್ಮಾ!" ಎಂದು ಅವನು ಕೂಗಿದ. "ಇಳಿದು ಬನ್ನಿ!"

ಅವಳು ಅವನ ಕಡೆ ನೋಡಲಿಲ್ಲ. ಅವಳೂ ಆ ಮನುಷ್ಯನನ್ನು ಕಂಡಿದ್ದಳು. ಅಟ್ಟಣೆಯ ಕಂಬವನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಅವಳ ದೃಷ್ಟಿ ಅವನಿಂದ ಸರಿದು, ಕೆಳಗೆ ಟ್ಯಾಬಿತಾಳ ಪಕ್ಕದಲ್ಲಿ ನಿಂತಿದ್ದ ಫೀಬಿಯ ಮೇಲೆ ನಿಂತಿತು.

ಅಧಿಕಾರಿ ಬೈಬಲನ್ನು ಮುಂದೆ ಹಿಡಿದ. "ಈ ಪಟ್ಟಿಯಲ್ಲಿ ಡಾರ್ಕಸ್ ಪಿಲಿಂಗ್ ಎಂದು ಹೆಸರಿರುವ ವ್ಯಕ್ತಿ ನೀವೇ ಎಂದು ದೇವರ ಮುಂದೆ ಪ್ರಮಾಣ ಮಾಡುತ್ತೀರಾ?"

ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅದಕ್ಕೆ ತುಟಿ ಮುಟ್ಟಿಸಿ, ಹಿಂದಕ್ಕೆ ಕೊಟ್ಟಳು.

"ಮಾಡ್ತೀನಿ. ನಾನೇ."

"ಮತ ಯಾರಿಗೆ?"

"ಮಿಸ್ಟರ್ ಎಲ್ವುಡ್‌ಗೆ."

ತಮ್ಮ ಅಭ್ಯರ್ಥಿಯ ಹೆಸರು ಕೇಳಿ ಹಳದಿಯವರ ಕಡೆಯಿಂದ ಕೂಗೆದ್ದಿತು. ಗುಮಾಸ್ತ ಬರೆದುಕೊಂಡ. ನಟ್ಟಲ್ ಆ ಲೇಖನಿ ನಿಲ್ಲುವವರೆಗೂ ಕಾದು, ನಂತರ ಹಿಂದಿದ್ದವನ ತೋಳು ಹಿಡಿದು ಮುಂದಕ್ಕೆ ತಂದ.

"ಲ್ಯೂಕ್ ಗಾರ್ಸೈಡ್. ಹೇಳಯ್ಯ, ಎಲ್ಲರಿಗೂ ಕೇಳೋ ಹಾಗೆ ಹೇಳು. ಈ ಹೆಂಗಸು ಯಾರು?"

ಲ್ಯೂಕ್ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದ. ಟೋಪಿಯನ್ನು ತಲೆಗೆ ಇಟ್ಟುಕೊಂಡ.

"ಗೊತ್ತಿಲ್ಲ ಸಾರ್," ಎಂದ. "ಈಕೇನ ನಾನು ಹಿಂದೆಂದೂ ನೋಡೇ ಇಲ್ಲ."

ನಟ್ಟಲ್‌ನ ಬಾಯಿ ತೆರೆದೇ ಉಳಿಯಿತು. ಲ್ಯೂಕ್ ಆಗಲೇ ಮೆಟ್ಟಿಲು ಇಳಿಯುತ್ತಿದ್ದ. ಅವನು ಹೊರಟದ್ದು ರೈಲು ನಿಲ್ದಾಣದ ಕಡೆಗಲ್ಲ. ಗುಂಪನ್ನು ಸರಿಸಿಕೊಂಡು ಅವನು ನೇರ ಫೀಬಿ ನಿಂತಿದ್ದ ಕಡೆಗೆ ನಡೆದ. ಹೆಂಡತಿ ಜೈಲಿಗೆ ಹೋದರೆ ಅವನಿಗೇನೂ ಸಿಗದು; ಅವಳ ಆಣೆಯ ಗುಟ್ಟು ಕೈಯಲ್ಲಿದ್ದರೆ ಅಂಗಡಿಯೂ ಸಿಗುತ್ತದೆ, ಮಗಳೂ ಸಿಗುತ್ತಾಳೆ.

ಡಾರ್ಕಸ್ ಪಿಲಿಂಗ್‌ಳ ಹೆಸರಿನಲ್ಲಿ ಸುಳ್ಳು ಪ್ರಮಾಣವಾಗಿತ್ತು. ಕೊಟ್ಟ ಮಾತು ಮುರಿದಿತ್ತು.